ಗಂಧಕದಲ್ಲಿ ಹೆಬ್ಬೆರಳು

ಬಸವನಗುಡಿಯ ಆ ಕಾಲೇಜಿನಲ್ಲಿ ಪ್ರೊಫೆಸರ್ ಚಕ್ರಪಾಣಿಯವರ ಪ್ರಯೋಗಾಲಯ ಹುಡುಕಲು ಮೂಗೊಂದಿದ್ದರೆ ಸಾಕಿತ್ತು. ಸಿಮೆಂಟಿನ ಬದಲು ಕರಗಿಸಿದ ಗಂಧಕಕ್ಕೆ ಮರಳು, ಜಲ್ಲಿ ಬೆರೆಸಿ ಕಾಂಕ್ರೀಟು ಮಾಡುವುದು, ಅಣುಸ್ಥಾವರದ ಕಸವನ್ನು ಅದರೊಳಗೆ ನೂರಾರು ವರ್ಷ ಕೂಡಿಹಾಕಲಾದೀತೇ ಎಂದು ನೋಡುವುದು ಅವರ ಕಸುಬು. ಮನೆಯಲ್ಲಿ ಹೆಂಡತಿ ಗೋದಾ, ಸ್ನಾನವಾಗದೆ ಅವರನ್ನು ನಡುಮನೆ ದಾಟಗೊಡುತ್ತಿರಲಿಲ್ಲ. ಮಡಿಗಲ್ಲ, ವಾಸನೆಗೆ.

ಆ ಬೆಳಿಗ್ಗೆ ಅವರೆದುರು ಶೈಲಜಮ್ಮ ಕೂತಿದ್ದರು. ಚಿಕ್ಕಪೇಟೆಯಲ್ಲಿ ರೇಷ್ಮೆ ಅಂಗಡಿ, ಹಣೆಯಲ್ಲಿ ವಿಭೂತಿ. ಅವರ ಮಗಳು ಶರಣ್ಯ ಇಲ್ಲೇ ಸಂಶೋಧನೆ ಮಾಡುತ್ತಿದ್ದವಳು, ಹೋದ ವರ್ಷ ಡೆಂಗಿಯಲ್ಲಿ ತೀರಿಕೊಂಡಿದ್ದಳು.

“ವರ್ಷದ ಪೂಜೆ ಬಂತು ಸಾರ್. ಅವಳು ಹೊಯ್ದ ಕಲ್ಲು ಒಂದು ಕೊಡಿ, ಸಮಾಧಿ ಮೇಲೆ ಇಡ್ತೀವಿ. ವಿಷ ಗಿಷ ಇಲ್ಲ ತಾನೆ?”

“ಛೆ, ಇಲ್ಲಮ್ಮ. ನಿಜವಾದ ಅಣುಕಸ ಇಲ್ಲಿಗೆ ತರೋ ಹಾಗಿಲ್ಲ. ಇಲ್ಲಿರೋದು ಕಸದ ವೇಷ ಹಾಕಿರೋ ಬರೀ ಉಪ್ಪು.”

ಉಳಿದಿದ್ದು ಒಂದೇ. ಮಿಕ್ಕವನ್ನೆಲ್ಲ ಯಂತ್ರದಲ್ಲಿ ಒತ್ತಿ ಒಡೆದು ಬಲ ಅಳೆದಾಗಿತ್ತು. ಅವು ಹುಟ್ಟುವುದೇ ಅದಕ್ಕೆ. ನೀರಲ್ಲಿ ತಾಳುತ್ತದೋ ನೋಡಲು ಮುಳುಗಿಸಿಟ್ಟಿದ್ದ ಆ ಬೂದು ಬಣ್ಣದ ಘನವನ್ನು ಚಕ್ರಪಾಣಿ ತೊಟ್ಟಿಯಿಂದೆತ್ತಿ, ಒರೆಸಿ, ಮೇಜಿನ ಮೇಲಿಟ್ಟರು. ನೆತ್ತಿಯಲ್ಲೊಂದು ಗುಳಿ. ಗುಳಿಯಿಂದ ಅಂಚಿನವರೆಗೆ ಕೂದಲೆಳೆಯಂಥ ಬಿರುಕು.

“ಇದು ಅವಳ ಹೆಬ್ಬೆರಳು. ಗಟ್ಟಿಯಾಯ್ತಾ ಅಂತ ಗ್ಲೌಸ್ ಹಾಕ್ಕೊಂಡು ಒತ್ತಿ ನೋಡೋಳು, ಇಡ್ಲಿ ನೋಡೋ ಹಾಗೆ. ಎಷ್ಟು ಬೈದ್ರೂ ಕೇಳ್ತಿರ್ಲಿಲ್ಲ.”

“ಮನೇಲೂ ಅಷ್ಟೇ. ಒಂದು ಇಡ್ಲಿನೂ ನೆಟ್ಟಗೆ ತಟ್ಟೆಗೆ ಬಂದಿದ್ದಿಲ್ಲ.” ಶೈಲಜಮ್ಮ ನಕ್ಕರು. ನಗು ಅರ್ಧಕ್ಕೇ ನಿಂತಿತು. “ಈ ಬಿರುಕು ಏನು?”

ಏನೋ ಒಂದು ಹೇಳಿ ಕೊಟ್ಟು ಕಳಿಸಬಹುದಿತ್ತು. ಚಕ್ರಪಾಣಿಯವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲವೆಂದಲ್ಲ. ವಿಭಾಗದ ಸಭೆಗಳಲ್ಲಿ ಸೊಗಸಾಗಿಯೇ ಬರುತ್ತಿತ್ತು.

“ಆ ಗುಳಿಯಿಂದಾನೇ ಸೀಳಿರೋದು. ಮಿಶ್ರಣದ ತಪ್ಪಲ್ಲ ಅಂತ ನನ್ನ ನಂಬಿಕೆ. ಆದ್ರೆ ನಂಬಿಕೆ ಬರೆಯೋ ಹಾಗಿಲ್ಲ. ನೀರಲ್ಲಿ ಬಿರುಕು ಬಿಟ್ರೆ ಮಿಶ್ರಣ ಸೋತಿದೆ ಅಂತಲೇ ಬರೀಬೇಕು. ಅವಳ ಕೆಲಸ ಅಲ್ಲಿಗೆ ಮುಗೀತು.”

“ಇನ್ನೊಂದು ಮಾಡಿ ನೋಡಿ ಮತ್ತೆ.”

“ಕೊನೇ ಸಲ ಕಣ್ಣಂದಾಜಲ್ಲಿ ಏನೋ ಬದಲಾಯಿಸಿದ್ಲು. ಏನು ಅನ್ನೋದು ಯಾರಿಗೂ ಗೊತ್ತಿಲ್ಲ, ಇರೋದೆಲ್ಲ ಇದರೊಳಗೇ. ಗಂಧಕ ಅಲ್ವಾ, ಕಾಯಿಸಿದ್ರೆ ಮತ್ತೆ ಕರಗುತ್ತೆ. ಇದನ್ನೇ ಕರಗಿಸಿ, ನೆತ್ತಿ ನುಣ್ಣಗೆ ಹೊಯ್ದು ನೀರಲ್ಲಿಟ್ಟರೆ ನಿಜ ಗೊತ್ತಾಗುತ್ತೆ. ಆದ್ರೆ...”

ಶೈಲಜಮ್ಮ ಗುಳಿಯನ್ನು ನೋಡುತ್ತಿದ್ದರು. ಮುಟ್ಟಲಿಲ್ಲ.

“ನಿಮ್ಮಲ್ಲಿ ಸುಡ್ತೀರಿ. ನಮ್ಮಲ್ಲಿ ಕೂರಿಸಿ, ವಿಭೂತಿ ಇಟ್ಟು, ಮಣ್ಣು ಹಾಕ್ತೀವಿ. ಕೈಯಲ್ಲಿ ಲಿಂಗ ಕೊಟ್ಟಾಗ ಕೊನೇದಾಗಿ ನೋಡಿದ್ದು, ಅವಳ ಬೆರಳನ್ನ.”

“ತಗೊಂಡು ಹೋಗಿಬಿಡಿ ಅಮ್ಮ. ಬರೆಯೋದು ನಾನು ಬರ್ಕೋತೀನಿ.”

“ಸೋತಳು ಅಂತ?”

ಚಕ್ರಪಾಣಿ ಕನ್ನಡಕ ತೆಗೆದು ಒರೆಸಿದರು. ಅದು ಶುಭ್ರವಾಗಿಯೇ ಇತ್ತು.

“ಒಲೆ ಹಚ್ಚಿ ಸಾರ್.”

ಒಲೆಯನ್ನೇನೋ ಹಚ್ಚಿದರು, ಘನವನ್ನೆತ್ತಲು ಕೈ ಬರಲಿಲ್ಲ. ಪಾತ್ರೆಗೆ ಅದನ್ನಿಳಿಸಿದ್ದು ಶೈಲಜಮ್ಮನೇ, ಎರಡೂ ಕೈಯಲ್ಲಿ, ಗುಳಿ ಮೇಲಾಗುವಂತೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೂಲೆಗಳು ಸಡಿಲಿದವು. ಚಕ್ರಪಾಣಿ ಕಿಟಕಿಯತ್ತ ತಿರುಗಿದರು, ಶೈಲಜಮ್ಮ ತಿರುಗಲಿಲ್ಲ. ಗುಳಿ ಮೊದಲು ಆಳ ಕಳೆದುಕೊಂಡಿತು, ನಂತರ ಅಂಚು.

ಅವರು ಸೆರಗನ್ನು ಬಾಯಿಗೊತ್ತಿಕೊಂಡಿದ್ದರು. ಚಕ್ರಪಾಣಿಯ ಕೈಯಲ್ಲಿ ಸೌಟು ಸುಮ್ಮನೆ ನಿಂತಿತ್ತು.

“ತಿರುವಿ ಸಾರ್,” ಎಂದರು ಶೈಲಜಮ್ಮ. “ಗಂಟು ಉಳೀಬಾರದು.”