ಮೂರನೆಯ ಪ್ಲಗ್ಗು

"ಯಾವ ಬಣ್ಣ ಐತಿ ಹೇಳ್ರೀ ಸಿಸ್ಟರಮ್ಮ?"

ಬಿಚ್ಚಿದ ಮೂರು ಸ್ಪಾರ್ಕ್ ಪ್ಲಗ್ಗುಗಳನ್ನು ಸುರೇಖಾಳ ಅಂಗೈಯಲ್ಲಿಟ್ಟು ಗಾಡಿ ಮಿಸ್ತ್ರಿ ಗೌಸ್‌ಸಾಬ್ ಕೇಳಿದ. ಸಂತೆಕಲ್ಲೂರಿನ ಆಸ್ಪತ್ರೆಯ ನರ್ಸ್ ಸುರೇಖಾ ನಲವತ್ತರ ಮೇಲೆ ಗಾಡಿ ಕಲಿತದ್ದು ಈ ಹಳೆ ಕಾರಿನಲ್ಲೇ. ಈಗದು ಹೆಜ್ಜೆಗೊಮ್ಮೆ ಮುಗ್ಗರಿಸುತ್ತಿತ್ತು. ಇಂಜಿನ್ನೇ ಹೋಗಿದೆ, ಗುಜರಿಗೆ ಹಾಕಿ ಎಂದು ಸಿಂಧನೂರಿನಲ್ಲಿ ಒಬ್ಬ ಹೇಳಿದ್ದ. ಮನಸ್ಸೊಪ್ಪದೆ ಮಸ್ಕಿಯ ಈ ಶೆಡ್ಡಿಗೆ ತಂದಿದ್ದಳು.

"ಎರಡು ಬಿಸ್ಕೀಟಿನ ಬಣ್ಣ. ಮೂರನೇದು ಕಾಡಿಗಿ ಹಂಗ ಕಪ್ಪಗದ."

"ಹಸಿನೋ, ಒಣಾನೋ?"

ಒರೆಸಿದಳು. ಬೆರಳಿಗೆ ಒಣ ಮಸಿ. "ಒಣಾ."

"ಎಣ್ಣಿ ಇಲ್ಲಲಾ, ಚಲೋ ಆತು. ಇಂಜಿನ್ ಜೀವಂತ ಐತಿ ಅನಸ್ತದ."

ಕಪ್ಪು ಪ್ಲಗ್ಗನ್ನು ಒಂದನೆಯ ಸಿಲಿಂಡರಿಗೆ, ಅಲ್ಲಿಯದನ್ನು ಮೂರನೆಯದಕ್ಕೆ ಹಾಕಲು ಹೊರಟವನ ಬೆರಳು ತೂತನ್ನು ತಡಕಾಡಿತು. ಅವನ ಕಣ್ಣಗೊಂಬೆಯಲ್ಲಿ ಬಿಳಿ ಪೊರೆ.

"ಚಾಚಾ, ನಿಮಗ ಕಾಣವಲ್ದೇನು?"

ಪ್ಲಗ್ಗು ಬಿಗಿಯುತ್ತಿದ್ದ ಪಾನಾ ನಿಂತಿತು. "ಎರಡು ವರ್ಷಾತು. ಯಾರಿಗೂ ಹೇಳಬ್ಯಾಡ್ರಿ. ಕಾಣಲಾರದ ಮಿಸ್ತ್ರಿ ಹತ್ರ ಯಾರು ಗಾಡಿ ತರ್ತಾರ?" ಮತ್ತೆ ತಿರುಗಿಸುತ್ತ ಹೇಳಿದ, "ತ್ರಾಸು ಪ್ಲಗ್ಗಿನ ಬೆನ್ನಹತ್ತಿ ಬಂದ್ರ ತಪ್ಪು ಪ್ಲಗ್ಗಿಂದು. ಮೂರನೇದ್ರಾಗ ಉಳೀತೋ, ವೈರು, ಇಂಜಿನ್ನು ನೋಡಬೇಕು."

ಸುರೇಖಾ ಚಾವಿ ತಿರುಗಿಸಿದಳು. ಗೌಸ್‌ಸಾಬ್ ರಬ್ಬರಿನ ಇಕ್ಕಳದಿಂದ ಮೂರನೆಯ ವೈರು ಎತ್ತಿದ. ಇಂಜಿನ್ ತಡವರಿಸಿತು. ಅದನ್ನು ಮತ್ತೆ ಕೂಡಿಸಿ ಒಂದನೆಯದನ್ನು ಎತ್ತಿದ. ಸಪ್ಪಳ ಇದ್ದಂತೆಯೇ ಇತ್ತು; ಅದು ಮೊದಲೇ ಉರಿಯುತ್ತಿರಲಿಲ್ಲ.

"ತ್ರಾಸು ಒಂದನೇದಕ್ಕ ಬಂತು!" ಸುರೇಖಾ ಕೂಗಿಯೇಬಿಟ್ಟಳು.

ಹಾಗಾದರೆ ಆ ಪ್ಲಗ್ಗಿಗೇನಾಗಿದೆ? ಮೂರನ್ನೂ ಮತ್ತೆ ಬಿಚ್ಚಿಸಿ, ಸೆರಗಿನಿಂದ ಮಸಿ ತಿಕ್ಕಿ, ಮೈಮೇಲಿನ ನಂಬರು ಓದಿದಳು. "ಅವೆರಡರ ಮ್ಯಾಲ ಆರು. ಇದರ ಮ್ಯಾಲ ಒಂಬತ್ತು ಅದ, ಚಾಚಾ."

ಗೌಸ್‌ಸಾಬ್ ನಕ್ಕ. "ಯಾರೋ ಬ್ಯಾರೇನ ಹಾಕ್ಯಾರ. ಅದು ರೇಸಿನ ಗಾಡೀದು, ಬೆಂಕಿ ಹಂಗ ಕಾಯೋ ಇಂಜಿನ್ನಿಗೆ. ನಿಮ್ಮ ಮುದುಕಿ ಹೊಟ್ಯಾಗ ಅದು ಕಾಯಂಗಿಲ್ಲ, ಮಸಿ ಸುಡಂಗಿಲ್ಲ."

ಡಬ್ಬಿಯಿಂದ ಆರರ ಹೊಸದೊಂದನ್ನು ಅವಳೇ ಆರಿಸಿದಳು. ತುದಿಯ ಸಂದನ್ನು ಅವನು ತಗಡಿನ ಪಟ್ಟಿಯಿಂದ ಅಳೆದು ಕೂರಿಸಿದ. ಇಂಜಿನ್ ಒಂದೇ ಹದದಲ್ಲಿ ಗುನುಗಿತು.

"ಸೋಮವಾರ ಲಿಂಗಸುಗೂರಿಗೆ ಕಣ್ಣಿನ ಡಾಕ್ಟರು ಬರ್ತಾರ. ನಾ ಕರಕೊಂಡು ಹೋಗ್ತೀನಿ."

"ಪೊರಿ ಕೊಯ್ಸಿದ ಮ್ಯಾಲೂ ಕಾಣಲಿಲ್ಲಂದ್ರ?"

ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಮದ್ಲು ಅವರು ನೋಡ್ಲಿ, ಚಾಚಾ."

ಗೌಸ್‌ಸಾಬ್ ಬಹಳ ಹೊತ್ತು ಕೈ ಒರೆಸಿಕೊಂಡ.

ಸೋಮವಾರ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಪಕ್ಕದ ಸೀಟಿನಲ್ಲಿ ಕೂತ. ಗಾಡಿ ಮಸ್ಕಿ ದಾಟಿತು. ಸುರೇಖಾ ಓರೆಗಣ್ಣಲ್ಲಿ ನೋಡಿದಳು. ಇಂಜಿನ್ನಿನ ಸಪ್ಪಳಕ್ಕೆ ಕಿವಿಗೊಟ್ಟು ಕೂತಿದ್ದ ಅವನ ಮೊಣಕಾಲ ಮೇಲೆ ಮೂರು ಬೆರಳು ಒಂದಾದ ಮೇಲೊಂದು ಮೆಲ್ಲಗೆ ಬಡಿಯುತ್ತಿದ್ದವು.