ಕಜರಿಗೆ ಹಾಕಿದ ಸೂಜಿ

ನಾರಾಯಣಿ ನದಿಯ ಈಚೆಗಿರುವ ನಮ್ಮೂರಿನವರು ಅಳಿದುಹೋಗುತ್ತಿರುವ ರಣಹದ್ದುಗಳಿಗೆ ಊಟ ಹಾಕುತ್ತೇವೆ. ಮುದಿ ದನಗಳನ್ನು ಕೊಟ್ಟಿಗೆಯಲ್ಲಿ ಸಾಕುತ್ತೇವೆ, ತಾವಾಗಿ ಸತ್ತ ಮೇಲೆ ಬಯಲಿಗೆ ಹಾಕುತ್ತೇವೆ. ಕೊಟ್ಟಿಗೆ ನೋಡಿಕೊಳ್ಳುವವಳು ನಾನು, ಫುಲ್ಮತಿ. ಈ ಸಲ ಬೂರುಗದ ಮರದಲ್ಲಿ ಒಂದೇ ಗೂಡು, ಅದರಲ್ಲಿ ಒಂದೇ ಮರಿ. ಅದು ಹಾರುವುದನ್ನು ಕಣ್ಣಾರೆ ನೋಡಬೇಕೆಂದು ನನಗೆ ಬಲು ಆಸೆಯಿತ್ತು.

ಲೌಟನ್ ಅಜ್ಜ ತನ್ನ ಮುದಿ ಹಸು ಕಜರಿಯನ್ನು ತಂದುಕೊಟ್ಟ. ಕೊಟ್ಟ ಮೇಲೂ ದಿನಾ ಬಂದು ಅದರ ಮೊಣಕಾಲಿಗೆ ಸಾಸಿವೆ ಎಣ್ಣೆ ತಿಕ್ಕುತ್ತಿದ್ದ.

“ಅಜ್ಜಿ ಕಾಲನ್ನ ಒಂದಿನಾನಾದ್ರೂ ಹಿಂಗೆ ಒತ್ತಿದ್ಯಾ?” ಎಂದು ರೇಗಿಸಿದೆ.

“ಇವಳು ಹಾಲು ಕೊಟ್ಲು. ಅವಳು ಕೊಟ್ಟಿದ್ದು ಬರೀ ಬೈಗುಳ,” ಎಂದ. ಅಜ್ಜಿ ಸತ್ತ ಮೇಲೆ ಅವನ ಮನೆಯಲ್ಲಿ ಉಸಿರಾಡುತ್ತಿದ್ದ ಇನ್ನೊಂದು ಜೀವ ಈ ಹಸುವೇ.

ಒಂದು ದಿನ ಕಜರಿ ಬಿದ್ದಿತು, ಏಳಲಿಲ್ಲ. ಅದರ ನರಳಾಟ ಕೇಳಿ ಅಜ್ಜ ನನ್ನ ಕೈ ಹಿಡಿದುಕೊಂಡ.

“ಒಂದು ನೋವಿನ ಸೂಜಿ ಹಾಕಿಸೇ ಮಗಳೇ.”

“ಆ ದನದ ನೋವಿನ ಔಷಧಿ ಮಾತ್ರ ಬೇಡ್ವೇ ಬೇಡ. ಬದುಕಿದ್ರೆ ಹಸು ಅದನ್ನ ಉಚ್ಚೆಯಲ್ಲಿ ಹೊರಗೆ ಹಾಕತ್ತೆ. ಅಷ್ಟರೊಳಗೆ ಸತ್ರೆ ಮಾಂಸದಲ್ಲೇ ಉಳಿಯತ್ತೆ. ಹದ್ದಿನ ಮೂತ್ರಪಿಂಡ ಅದನ್ನ ತಡ್ಕೊಳಲ್ಲ ಅಜ್ಜ. ಒಳಗೆಲ್ಲ ಸುಣ್ಣ ಬಳಿದಂಗಾಗಿ ಸಾಯತ್ತೆ. ಹದ್ದಿಗೆ ಏನೂ ಮಾಡದ ಔಷಧಿ ನಾಳೆ ಪೇಟೆಯಿಂದ ಬರತ್ತೆ, ತಡ್ಕೋ.”

ಬೆಳಿಗ್ಗೆ ನೋಡಿದರೆ ಕಜರಿ ಹುಲ್ಲಿನ ಮೇಲೆ ಗದ್ದವಿಟ್ಟು ನಿದ್ದೆಹೋದಂತೆ ಸತ್ತಿತ್ತು. ಪಕ್ಕದಲ್ಲೇ ಅಜ್ಜ ಕೂತಿದ್ದ.

“ದನದ ಔಷಧಿ ಏನಾದ್ರೂ ಕೊಟ್ಯಾ?”

“ಇವಳಾಣೆ, ಕೊಟ್ಟಿಲ್ಲ.”

ಅಜ್ಜ ಸುಳ್ಳು ಹೇಳುವವನಲ್ಲ. ಕಜರಿಯನ್ನು ಬಯಲಿಗೆ ಹಾಕಿದೆವು. ಹದ್ದುಗಳು ಇಳಿದವು, ಗೂಡಿನ ತಾಯಿಯೂ ಇಳಿದಳು. ಮರೆಯಲ್ಲಿ ಕೂತು ನೋಡುತ್ತ ಅಜ್ಜ ಕಣ್ಣೊರೆಸಿಕೊಂಡ.

“ಕೊನೇಲಿ ನರಳ್ಲಿಲ್ಲ ಕಣೇ. ನನ್ನ ಬೆನ್ನುನೋವಿನ ಸೂಜಿ ಇತ್ತಲ್ಲ, ಅದನ್ನೇ ಹಾಕ್ಸಿದೆ. ಮನುಷ್ಯರದ್ದು. ದನದ್ದಲ್ಲ.”

ಎರಡೂ ಒಂದೇ ಔಷಧಿ, ಸೀಸೆ ಮಾತ್ರ ಬೇರೆ. ಕಿರುಚುತ್ತ ಬಯಲಿಗೆ ಓಡಿದೆ. ಹದ್ದುಗಳು ಎದ್ದವು, ಆದರೆ ಹೊಟ್ಟೆ ತುಂಬಿದ ಮೇಲೆ ಎದ್ದವು. ತಾಯಿ ನೇರ ಗೂಡಿಗೆ ಹೋಗಿ ಮರಿಯ ಬಾಯಿಗೆ ಕಕ್ಕಿದಳು.

ಮಾರನೆಯ ದಿನ ಅವಳು ಕತ್ತು ಜೋತುಬಿಟ್ಟು ಕೂತಳು. ಅದರ ಮರುದಿನ ಮರದಿಂದ ಬಿದ್ದಳು. ಅಜ್ಜನಿಗೆ ಚೆನ್ನಾಗಿ ಉಗಿಯಬೇಕೆಂದೇ ಸಿಟ್ಟಿನಿಂದ ಹೋದೆ. ಅವನು ಮರದ ಕೆಳಗೆ ಆ ಹದ್ದಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

“ಇದಕ್ಕೂ ನೋವಾಗ್ತಿದೆ ಮಗಳೇ. ಏನಾದ್ರೂ ಕೊಡೇ.”

ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಅವನ ಪಕ್ಕದಲ್ಲಿ ಕೂತು ಅತ್ತೆ. ಮೇಲೆ ಗೂಡಿನಲ್ಲಿ ಮರಿಯ ಕೂಗು ಬೆಳಿಗ್ಗೆಯೇ ನಿಂತಿತ್ತು.