ಪೆನಿಸಿಲಿನ್ ಆಗದವಳು

ಬ್ಯಾಕ್ಟೀರಿಯಾಕ್ಕೆ ಗೋಡೆ ಇದೆ, ಮನುಷ್ಯನ ಜೀವಕೋಶಕ್ಕೆ ಇಲ್ಲ. ವರ್ಷ ವರ್ಷವೂ ಹೊಸ ಮುಖಗಳಿಗೆ ಈ ಒಂದೇ ಮಾತು ಹೇಳಿ ನಾನು ಹೊಟ್ಟೆ ಹೊರೆದುಕೊಂಡೆ. ನಿವೃತ್ತಳಾಗುವವರೆಗೆ ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದೆ. ಹುಡುಗರು ಬೆನ್ನ ಹಿಂದೆ ನನ್ನನ್ನು ‘ಗೋಡೆ ಮೇಡಂ’ ಎನ್ನುತ್ತಿದ್ದರು. ಅದು ಪಾಠಕ್ಕೆ ಇಟ್ಟ ಹೆಸರೋ, ನನ್ನ ಮುಖಕ್ಕೆ ಇಟ್ಟದ್ದೋ, ವಿಚಾರಿಸಲು ಹೋಗಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅದು ಅವರಿಗಿಂತ ನನಗೇ ಚೆನ್ನಾಗಿ ಗೊತ್ತು.

ಪಾಠ ಸುಲಭದ್ದು. ಬ್ಯಾಕ್ಟೀರಿಯಾ ಬೆಳೆಯಬೇಕಾದರೆ ತನ್ನ ಸುತ್ತ ಗೋಡೆ ಕಟ್ಟುತ್ತಲೇ ಇರಬೇಕು. ಪೆನಿಸಿಲಿನ್ ಹೋಗಿ ಆ ಗೋಡೆ ಕಟ್ಟುವ ಮೇಸ್ತ್ರಿಯ ಕೈ ಹಿಡಿದುಬಿಡುತ್ತದೆ. ಗೋಡೆ ಅರ್ಧಕ್ಕೆ ನಿಲ್ಲುತ್ತದೆ, ನೀರು ಒಳಗೆ ನುಗ್ಗುತ್ತದೆ, ಕೋಶ ಒಡೆದುಹೋಗುತ್ತದೆ. ವ್ಯಾಂಕೊಮೈಸಿನ್ ಎಂಬ ಇನ್ನೊಂದು ಔಷಧಿ ಮೇಸ್ತ್ರಿಯ ತಂಟೆಗೆ ಹೋಗುವುದಿಲ್ಲ, ಇಟ್ಟಿಗೆಗೇ ಅಂಟಿಕೊಂಡು ಕೂರುತ್ತದೆ. ಇಬ್ಬರದೂ ಒಂದೇ ಕಸುಬು, ಆದರೆ ಎರಡನೆಯವನು ನಿಧಾನಿ, ಜೊತೆಗೆ ಮೂತ್ರಪಿಂಡಕ್ಕೆ ಕಿರುಕುಳ ಕೊಡುತ್ತಾನೆ. ನಮಗೆ ಗೋಡೆಯೇ ಇಲ್ಲದ್ದರಿಂದ ಪೆನಿಸಿಲಿನ್ ನಮ್ಮ ಮೈಯೊಳಗೆ ಸಾಧುಪ್ರಾಣಿಯ ಹಾಗೆ ಓಡಾಡಿಕೊಂಡಿರುತ್ತದೆ. ಅಲರ್ಜಿ ಇದ್ದವರ ಮಾತು ಬೇರೆ.

ನಾನು ಆ ಬೇರೆಯವರ ಪೈಕಿ. ಚಿಕ್ಕಂದಿನಿಂದಲೂ ಯಾವ ಡಾಕ್ಟರ ಬಾಗಿಲಿಗೆ ಹೋದರೂ ಅಮ್ಮ ಕೂರುವ ಮೊದಲೇ “ಇವಳಿಗೆ ಪೆನಿಸಿಲಿನ್ ಆಗಲ್ಲ” ಎನ್ನುತ್ತಿದ್ದಳು. ಬೆಳೆದ ಮೇಲೆ ಅದನ್ನು ನಾನೇ ಹೇಳುತ್ತಾ ಬಂದೆ. ಅಮ್ಮ ಮುದ್ದು ಮಾಡುವ ಪೈಕಿ ಅಲ್ಲ, ತಲೆ ಸವರಿದ್ದು ಕೂಡ ನೆನಪಿಲ್ಲ. ಅವಳಿಂದ ನನಗೆ ಬಂದದ್ದು ದಪ್ಪ ಹುಬ್ಬು ಮತ್ತು ಈ ಒಂದು ಮಾತು.

ಈಗ ಹೃದಯದ ಕವಾಟದ ಮೇಲೆ ಎಂಟೆರೊಕಾಕಸ್ ಎಂಬ ಬ್ಯಾಕ್ಟೀರಿಯಾ ಸಂಸಾರ ಹೂಡಿದೆ ಎಂದು ಗೊತ್ತಾಗಿ ಹೆಂಗಸರ ವಾರ್ಡಿಗೆ ಬಂದು ಮಲಗಿದ್ದೆ. ಇದಕ್ಕೆ ಪೆನಿಸಿಲಿನ್ ಕುಲದ ಆಂಪಿಸಿಲಿನ್ನೇ ಸರಿಯಾದ ಔಷಧಿ. ಆದರೆ ನನ್ನ ಮಣಿಕಟ್ಟಿಗೆ, ಅಲರ್ಜಿ ಇದೆ ಎಂದು ಸಾರುವ ಕೆಂಪು ಪಟ್ಟಿ ಕಟ್ಟಿದ್ದರು. ಹಾಗಾಗಿ ರಕ್ತನಾಳಕ್ಕೆ ವ್ಯಾಂಕೊಮೈಸಿನ್ ಹನಿಯುತ್ತಿತ್ತು, ಅದಕ್ಕೆ ಜೊತೆಗಾರನಾಗಿ ಇನ್ನೊಂದು, ಅದೂ ಮೂತ್ರಪಿಂಡದ ವೈರಿ. ಜ್ವರ ಇಳಿಯುತ್ತಿರಲಿಲ್ಲ. ಕಾಲು ಊದಿಕೊಂಡಿತ್ತು. ರಕ್ತಪರೀಕ್ಷೆಯ ಚೀಟಿಯನ್ನು ನರ್ಸು ನನ್ನಿಂದ ಮುಚ್ಚಿಡಲು ನೋಡುತ್ತಿದ್ದಳು, ಪಾಪ. ಪಾದ ಒತ್ತಿದರೆ ಬೀಳುವ ಗುಳಿಯೇ ನನಗೆ ಎಲ್ಲ ಹೇಳುತ್ತಿತ್ತು. ಹೀಗೇ ಸಾಗಿದರೆ ಕವಾಟ ಮೊದಲೋ ಮೂತ್ರಪಿಂಡ ಮೊದಲೋ ಎಂಬುದಷ್ಟೇ ಉಳಿದ ಪ್ರಶ್ನೆ.

ಪಕ್ಕದ ಹಾಸಿಗೆಯ ಅಜ್ಜಿಗೆ ಮನೆ ತುಂಬ ಜನ. ಮಧ್ಯಾಹ್ನ ಬಾಗಿಲು ತೆರೆದರೆ ಸಾಕು, ಸೊಸೆಯಂದಿರು, ಮೊಮ್ಮಕ್ಕಳು, ಯಾರ ಯಾರದೋ ನಾದಿನಿಯರು ಬಂದು ಮುತ್ತಿಕೊಳ್ಳುತ್ತಿದ್ದರು. ಕೂರಲು ಜಾಗ ಸಾಲದೆ ನನ್ನ ಹಾಸಿಗೆಯ ಬಳಿಯ ಕುರ್ಚಿಯನ್ನು ಒಯ್ಯುತ್ತಿದ್ದರು. ಮೊದಲ ದಿನ “ಯಾರಾದ್ರೂ ಬರೋದಿದ್ಯಾ?” ಎಂದು ಕೇಳಿದರು. ಆಮೇಲೆ ಕೇಳುವುದನ್ನೂ ಬಿಟ್ಟರು. ಅವರ ತಪ್ಪೇನಿಲ್ಲ, ಕುರ್ಚಿ ಸುಮ್ಮನೆ ಬಿದ್ದಿತ್ತು. ಆದರೂ ಅದನ್ನು ಎತ್ತಿಕೊಂಡು ಹೋಗುವಾಗಲೆಲ್ಲ ನಾನು ಗೋಡೆಯ ಕಡೆ ತಿರುಗಿ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚುತ್ತಿದ್ದೆ.

ನನ್ನನ್ನು ನೋಡುತ್ತಿದ್ದ ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿನಿಯೇ. ತರಗತಿಯಲ್ಲಿ ಸದಾ ಹಿಂದೆ ಕೂತು ತೂಕಡಿಸುತ್ತಿದ್ದ ಅವಳಿಗೆ ನಾನು ‘ಕೊನೆಬೆಂಚು’ ಎಂದು ಹೆಸರಿಟ್ಟಿದ್ದೆ. ಒಂದು ಬೆಳಿಗ್ಗೆ ಅವಳು ಪಕ್ಕದಿಂದ ಕುರ್ಚಿ ಎಳೆದುಕೊಂಡು ಬಂದು ಕೂತು, ನನ್ನ ಕೆಂಪು ಪಟ್ಟಿಯನ್ನು ಬೆರಳಿನಿಂದ ತಿರುಗಿಸುತ್ತಾ ಹೇಳಿದಳು.

“ಮೇಡಂ, ಅಲರ್ಜಿ ಅಂದವರಿಗೆಲ್ಲ ಮೂರು ಪ್ರಶ್ನೆ ಕೇಳಿ ಅಂತ ನೀವೇ ಹೇಳಿಕೊಟ್ಟಿದ್ರಿ. ಏನಾಯ್ತು? ಯಾವಾಗ ಆಯ್ತು? ಯಾರು ನೋಡಿದ್ರು?”

ನನಗೆ ಮೈಯೆಲ್ಲ ಉರಿದುಹೋಯಿತು. ಹೌದು, ಹೇಳಿಕೊಟ್ಟಿದ್ದೆ. ಪೆನಿಸಿಲಿನ್ ಆಗುವುದಿಲ್ಲ ಎನ್ನುವ ನೂರು ಮಂದಿಯಲ್ಲಿ ತೊಂಬತ್ತು ಮಂದಿಗೆ ನಿಜವಾಗಿ ಅಲರ್ಜಿ ಇರುವುದೇ ಇಲ್ಲ, ಯಾವುದೋ ಕಾಲದ ಜ್ವರದ ಗುಳ್ಳೆಯನ್ನು ಔಷಧಿಯ ತಲೆಗೆ ಕಟ್ಟಿರುತ್ತಾರೆ, ಸುಮ್ಮನೆ ನಂಬಬೇಡಿ ಎಂದು ಮೇಜು ಕುಟ್ಟಿ ಹೇಳಿದ್ದೆ. ಹೇಳಿದ ಬಾಯಲ್ಲೇ ನನ್ನ ಹಲ್ಲಿನ ಡಾಕ್ಟರಿಗೆ “ನನಗೆ ಪೆನಿಸಿಲಿನ್ ಆಗಲ್ಲ” ಎಂದಿದ್ದೆ. ಎರಡು ಮಾತೂ ಒಂದೇ ತಲೆಯಲ್ಲಿ ಇಷ್ಟು ವರ್ಷ ಮುಖ ನೋಡದೆ ಬಾಳಿದ್ದವು. ಅಮ್ಮನ ಆ ಒಂದು ಮಾತು ಬಿಟ್ಟರೆ ನನಗೆ ಬೇರೇನೂ ಗೊತ್ತಿರಲಿಲ್ಲ.

ಏನಾಯಿತು ಎಂಬುದೇ ಮುಖ್ಯ ಎಂದು ಅವಳು ವಿವರಿಸಿದಳು, ನನಗೆ ಗೊತ್ತಿಲ್ಲವೇನೋ ಎಂಬ ಹಾಗೆ. ಬರೀ ಗುಳ್ಳೆ ಎದ್ದಿದ್ದರೆ ಸ್ವಲ್ಪ ಸ್ವಲ್ಪವೇ ಕೊಟ್ಟು ನೋಡಬಹುದು. ಉಸಿರು ಕಟ್ಟಿದ್ದರೆ ಆ ಧೈರ್ಯ ಮಾಡುವ ಹಾಗಿಲ್ಲ, ಚರ್ಮದ ಪರೀಕ್ಷೆ ಮಾಡುವ ಸಾಮಗ್ರಿ ಈ ಆಸ್ಪತ್ರೆಯಲ್ಲಿ ಇಲ್ಲ. ನೋಡಿದವರು ಯಾರೂ ಇಲ್ಲವೇ ಎಂದು ಕೇಳಿದಳು.

ಇದ್ದಳು. ಅಕ್ಕ. ನನಗಿಂತ ಏಳು ವರ್ಷ ದೊಡ್ಡವಳು, ದೂರದ ಊರಲ್ಲಿ ಮಗಳ ಮನೆಯಲ್ಲಿದ್ದಳು, ಮಂಡಿನೋವಿನಿಂದ ಮೆಟ್ಟಿಲು ಇಳಿಯಲಾರಳು. ಅಮ್ಮನ ಕೊನೆಗಾಲದಲ್ಲಿ ಮನೆಗೆ ಕರೆದುಕೊಂಡು ಹೋಗೋಣ ಎಂದು ಅಕ್ಕ, ಆಸ್ಪತ್ರೆಯಲ್ಲೇ ಇರಲಿ ಎಂದು ನಾನು, ಹಾಸಿಗೆಯ ಆ ಕಡೆ ಈ ಕಡೆ ನಿಂತು ಜಗಳವಾಡಿದ್ದೆವು. ನಿನಗೆ ಔಷಧಿ ಮೇಲೆ ಇರುವ ನಂಬಿಕೆ ಮನುಷ್ಯರ ಮೇಲಿಲ್ಲ ಎಂದಿದ್ದಳು ಅವಳು. ನಾನೂ ಬಾಯಿಗೆ ಬಂದದ್ದು ಅಂದಿದ್ದೆ. ಅಮ್ಮ ಹೋದ ಮೇಲೆ ಇಬ್ಬರಲ್ಲಿ ಯಾರೂ ಫೋನು ಮಾಡಲಿಲ್ಲ. ಮೊದಲು ಅವಳು ಮಾಡಲಿ ಎಂದುಕೊಂಡೆ, ಅವಳೂ ಹಾಗೇ ಅಂದುಕೊಂಡಿರಬೇಕು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ.

ಅಂದು ಮಧ್ಯಾಹ್ನ ನಾನೇ ಫೋನು ಮಾಡಿದೆ. ನನ್ನ ದನಿ ಕೇಳಿ ಅವಳು “ಏನಾಗಿದೆ ನಿನಗೆ?” ಎಂದಳು. ಅಷ್ಟು ವರ್ಷದ ಮೇಲೆ ಸುಮ್ಮನೆ ಮಾಡುವವಳು ಇವಳಲ್ಲ ಎಂದು ಗೊತ್ತು ಅವಳಿಗೆ. ಹೇಳಿದೆ. ಪೆನಿಸಿಲಿನ್ ಕೊಟ್ಟಾಗ ನನಗೆ ಏನಾಗಿತ್ತು ಎಂದು ಕೇಳಿದೆ. ಆ ಕಡೆ ಎಲ್ಲೋ ಮಿಕ್ಸಿ ತಿರುಗುತ್ತಿತ್ತು, ಅದನ್ನು ನಿಲ್ಲಿಸಲು ಹೇಳಿದಳು.

“ನಿನಗೆ ಏನೂ ಆಗಿರಲಿಲ್ಲ ಕಣೇ,” ಎಂದಳು ಆಮೇಲೆ. “ನಿನಗೆ ಅದನ್ನ ಕೊಟ್ಟೇ ಇಲ್ಲ. ಆಗಿದ್ದು ಅವನಿಗೆ.”

ಅವನು ಎಂದರೆ ನಮ್ಮ ನಡುವೆ ಹುಟ್ಟಿದ ಅಣ್ಣ. ನಾನು ಎರಡು ತುಂಬಿದ ಮಗುವಾಗಿದ್ದಾಗ ಹೋದ, ಅವನಿಗೆ ನಾಲ್ಕು. ಜ್ವರ ಬಂದು ಹೋದ ಎಂದಷ್ಟೇ ನನಗೆ ಗೊತ್ತಿತ್ತು. ಅಮ್ಮನನ್ನು ಕೇಳಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು, ಹಾಗಾಗಿ ಕೇಳುವುದು ತಾನಾಗಿಯೇ ನಿಂತುಹೋಗಿತ್ತು.

ಅಕ್ಕ ಹೇಳುತ್ತಾ ಹೋದಳು. ಗಂಟಲು ಹುಣ್ಣಾಗಿದೆ ಎಂದು ಅವನನ್ನು ಕರೆದುಕೊಂಡು ಹೋಗಿದ್ದರು. ಸೂಜಿ ಹಾಕಿಸಿ, ಮಕ್ಕಳಿಬ್ಬರನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಸಿರಪ್ಪು ತರಲು ಅಮ್ಮ ಒಳಗೆ ಹೋದಳು. ಅವನು ಕೈ ತುರಿಸುತ್ತದೆ ಎಂದ. ಆಮೇಲೆ ಅವನ ಮುಖ ಊದಿತು.

“ಅವನು ಯಾವಾಗಲೂ ಕೆನ್ನೆ ಉಬ್ಬಿಸಿ, ಕಣ್ಣು ಸಣ್ಣ ಮಾಡಿ ನನ್ನ ನಗಿಸ್ತಿದ್ದ. ಅದನ್ನೇ ಮಾಡ್ತಿದ್ದಾನೆ ಅಂದ್ಕೊಂಡೆ,” ಎಂದಳು ಅಕ್ಕ. “ನಾನು ನಕ್ಕೆ. ಅಮ್ಮ ಹೊರಗೆ ಬಂದಾಗ ಇನ್ನೂ ನಗ್ತಾ ಇದ್ದೆ.”

ನನಗೆ ಗೊತ್ತಿದ್ದ ಅಕ್ಕ ಯಾವ ಮದುವೆಮನೆಯಲ್ಲೂ ಹಲ್ಲು ಕಾಣಿಸಿ ನಕ್ಕವಳಲ್ಲ. ಬಿಗುಮಾನದವಳು ಎಂದುಕೊಂಡಿದ್ದೆ.

ಅಣ್ಣ ಹೋದ ಮುಂದಿನ ವರ್ಷ ನನಗೂ ಗಂಟಲು ಹುಣ್ಣಾಯಿತಂತೆ. ಡಾಕ್ಟರು ಸೂಜಿ ಎತ್ತಿದಾಗ ಅಮ್ಮ ಅವರ ಕೈ ಹಿಡಿದುಕೊಂಡಳಂತೆ, ಬಿಡಿಸಿಕೊಳ್ಳಲು ಆಗದ ಹಾಗೆ. ಇವಳಿಗೆ ಆಗಲ್ಲ, ಇವಳಿಗೆ ಆಗಲ್ಲ ಎಂದು ಅದೊಂದನ್ನೇ ಹೇಳಿದಳಂತೆ. ಅಂದಿನಿಂದ ಅದೇ ಮಾತು ನಿಂತಿತು. ಅಮ್ಮ ನನಗಾಗಿ ಜೀವಮಾನವಿಡೀ ಒಂದು ಸುಳ್ಳು ಹೇಳಿದ್ದಳು. ನನ್ನ ಮೇಲೆ ಅಕ್ಕರೆಯೇ ಇಲ್ಲದವಳು ಎಂದು ನಾನು ಜೀವಮಾನವಿಡೀ ಅಂದುಕೊಂಡಿದ್ದೆ.

ಹಾಗಾದರೆ ನನಗೆ ಆಂಪಿಸಿಲಿನ್ ಕೊಡಬಹುದು, ಒಡಹುಟ್ಟಿದವರ ಅಲರ್ಜಿ ನಮಗೂ ಬರಬೇಕೆಂದೇನಿಲ್ಲ ಎಂದು ನಾನು ಪಾಠ ಶುರುಮಾಡಿದೆ. ಅದೂ ಪೆನಿಸಿಲಿನ್ನೇನಾ ಎಂದು ಅಕ್ಕ ಕೇಳಿದಳು. ಹೌದೆಂದೆ. “ಬೇಡ,” ಎಂದು ಫೋನು ಇಟ್ಟುಬಿಟ್ಟಳು. ಮತ್ತೆ ಮಾಡಿದೆ, ಎತ್ತಲಿಲ್ಲ.

ಕೊನೆಬೆಂಚಿಗೆ ಎಲ್ಲ ಹೇಳಿದೆ. ಅವಳ ಮುಖ ಅರಳಿತು, ತಕ್ಷಣ ಅದನ್ನು ಮುಚ್ಚಿಕೊಂಡಳು, ಒಳ್ಳೆಯ ಹುಡುಗಿ. ನಾಳೆ ಮೊದಲು ಹತ್ತರಲ್ಲೊಂದು ಪಾಲು ಕೊಟ್ಟು ಕಾಯೋಣ, ಏನೂ ಆಗದಿದ್ದರೆ ಪೂರ್ತಿ ಕೊಟ್ಟು ಒಂದು ಗಂಟೆ ಕಾಯೋಣ, ಅಲರ್ಜಿ ಕೆರಳಿದರೆ ಜೀವ ಉಳಿಸುವ ಅಡ್ರಿನಲಿನ್ ಕೈಯಲ್ಲೇ ಇರುತ್ತದೆ ಎಂದಳು. ಇದು ನಾನೇ ಬರೆಸಿದ ವಿಧಾನ, ತಲೆಯಾಡಿಸಿದೆ. ಆದರೆ ಅವಳು ಹೋದ ಮೇಲೆ ಮಣಿಕಟ್ಟಿನ ಕೆಂಪು ಪಟ್ಟಿಯನ್ನು ತಿರುಗಿಸುತ್ತಾ ಕೂತೆ. ನೂರರಲ್ಲಿ ತೊಂಬತ್ತು ಎಂದು ಹೇಳುವುದು ಸುಲಭ. ಆ ಬೆಂಚಿನ ಮೇಲೆ ಕೂತ ಮಗುವಿಗೆ ನೂರು, ತೊಂಬತ್ತು ಏನೂ ಇರಲಿಲ್ಲ. ನನಗೆ ಭಯವಾಗಿತ್ತು. ಭಯವಾಗಿದೆ ಎಂದು ಹೇಳಿಕೊಳ್ಳಲು ಪಕ್ಕದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ.

ಮರುದಿನ ನರ್ಸು ಟ್ರೇ ತಂದು ಇಡುತ್ತಿದ್ದಾಗ ಫೋನು ಬಡಿದುಕೊಂಡಿತು.

“ಕೊಟ್ಟುಬಿಟ್ರಾ?” ಎಂದಳು ಅಕ್ಕ. ಇನ್ನೂ ಇಲ್ಲ ಎಂದೆ. “ಸರಿ, ನಾನು ಲೈನಲ್ಲೇ ಇರ್ತೀನಿ. ನೀನು ಮಾತಾಡ್ಬೇಡ. ಉಸಿರು ಕೇಳಿಸ್ತಾ ಇರಲಿ, ಸಾಕು.”

ನಾನು ಪಕ್ಕದ ಹಾಸಿಗೆಯವರನ್ನು ಕೇಳಿ ಕುರ್ಚಿ ವಾಪಸು ತರಿಸಿಕೊಂಡೆ. ದಿಂಬಿನ ಹತ್ತಿರ ಎಳೆದು, ಅದರ ಮೇಲೆ ಸ್ಪೀಕರು ಹಾಕಿದ ಫೋನನ್ನು ಇಟ್ಟೆ. ಕೊನೆಬೆಂಚು ಏನೂ ಕೇಳದೆ ಹಾಸಿಗೆಯ ಅಂಚಿನಲ್ಲಿ ಕೂತು ಔಷಧಿಯನ್ನು ನಿಧಾನಕ್ಕೆ ತಳ್ಳಿದಳು.

ಕಾಯುವಾಗ ಆಗಾಗ ಫೋನಿನಿಂದ “ತುರಿಸ್ತಿದ್ಯಾ?” ಎಂದು ಬರುತ್ತಿತ್ತು. ಇಲ್ಲ ಎನ್ನುತ್ತಿದ್ದೆ. ಮತ್ತೆ ಅವಳ ಮನೆಯ ಬಾಗಿಲು, ಯಾರದೋ ಚಪ್ಪಲಿಯ ಸದ್ದು, ಅವಳ ಉಸಿರು. ಪೂರ್ತಿ ಔಷಧಿ ಹೋಗುವ ಹೊತ್ತಿಗೆ ನನಗೆ ಒಮ್ಮೆ ಕೆಮ್ಮು ಬಂತು. ಆ ಕಡೆ ಏನೋ ಪಾತ್ರೆ ಬಿದ್ದು ಉರುಳಿತು. ಬರೀ ಕೆಮ್ಮು ಅಕ್ಕ, ಬರೀ ಕೆಮ್ಮು ಎಂದು ನಾನು ಕೂಗಬೇಕಾಯಿತು. ಅವಳು ಅಳುತ್ತಿದ್ದಳೋ ಏನೋ, ತಿಳಿಯಲಿಲ್ಲ. ನಾನಂತೂ ಅಳುತ್ತಿದ್ದೆ.

ಕೊನೆಬೆಂಚು ಎದೆಗೆ ಸ್ಟೆತಾಸ್ಕೋಪು ಇಟ್ಟಳು, ತುಟಿ ನೋಡಿದಳು, ತೋಳು ತಿರುಗಿಸಿ ನೋಡಿದಳು. ಆಮೇಲೆ ಕತ್ತರಿ ತೆಗೆದು ಕೆಂಪು ಪಟ್ಟಿಯನ್ನು ಕತ್ತರಿಸಿದಳು. ಪಟ್ಟಿಯಿದ್ದ ಕಡೆ ಚರ್ಮ ಬಿಳಿಚಿಕೊಂಡಿತ್ತು. ಅದೊಂದು ಗಳಿಗೆ, ಅಮ್ಮ ಕೈ ಬಿಟ್ಟ ಹಾಗೆನಿಸಿತು.

“ಆಯ್ತು ಅಕ್ಕ. ಏನೂ ಆಗಲಿಲ್ಲ,” ಎಂದೆ.

“ಮುಖ ಹೇಗಿದೆ?”

“ಯಾವಾಗಿನ ಹಾಗೇ. ಗೋಡೆ ಇದ್ದ ಹಾಗಿದೆ.”

ಆ ಕಡೆಯಿಂದ ಒಂದು ಸದ್ದು ಬಂತು. ಅದು ನಗು ಎಂದು ಗೊತ್ತಾಗಲು ನನಗೆ ಹೊತ್ತು ಹಿಡಿಯಿತು, ಏಕೆಂದರೆ ಅವಳು ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಷ್ಟರಲ್ಲಿ ಅದು ತಟ್ಟನೆ ನಿಂತಿತು, ಯಾರೋ ಬಾಯಿ ಮುಚ್ಚಿದ ಹಾಗೆ.

“ನಗು ಅಕ್ಕ,” ಎಂದೆ. “ನನಗೆ ಏನೂ ಆಗಿಲ್ಲ. ನೀನು ನಗು.”

ಅವಳು ನಗಲಿಲ್ಲ. ಆದರೆ ಫೋನು ಇಡಲೂ ಇಲ್ಲ. ನಾನೂ ಇಡಲಿಲ್ಲ. ಭೇಟಿಯ ಹೊತ್ತಾಗಿ ವಾರ್ಡಿನ ಬಾಗಿಲು ತೆರೆಯಿತು, ಅಜ್ಜಿಯ ಬಳಗ ಒಳಗೆ ನುಗ್ಗಿತು. ಸೊಸೆಯೊಬ್ಬಳು ಎಂದಿನಂತೆ ಬಂದು ಕುರ್ಚಿಯ ಬೆನ್ನಿಗೆ ಕೈ ಹಾಕಿದವಳು, ಮೇಲಿದ್ದ ಫೋನು ಕಂಡು ನನ್ನ ಮುಖ ನೋಡಿದಳು.

“ಇಲ್ಲಮ್ಮ, ಖಾಲಿ ಇಲ್ಲ,” ಎಂದೆ. “ನಮ್ಮಕ್ಕ ಕೂತಿದ್ದಾಳೆ.”